ತಿಗರಿಗೆ ಕೂರದವರ ಲೆಕ್ಕ

ಖಾನಾಪುರದ ಗಡಿಗೆಯನ್ನು ಕುಂಬಾರ ಮಾಡುತ್ತಾನೆ ಎನ್ನುವವರು ತಿಗರಿಯ ಮುಂದೆ ನಿಂತು ನೋಡಿ ಹೋದವರು, ಗಡಿಗೆ ಸುಡುವ ಆವಿಗೆ ಆರುವ ತನಕ ಕಾದವರಲ್ಲ. ತಿಗರಿ ನೋಡಲು ಚೆಂದ. ಮುದ್ದೆ ಮಣ್ಣು ಕಣ್ಣೆದುರೇ ಕಂಠ ಎತ್ತಿ ನಿಲ್ಲುತ್ತದೆ, ಫೋಟೊ ತೆಗೆಯುವವರೂ ಅಲ್ಲೇ ನಿಲ್ಲುತ್ತಾರೆ. ನಾನು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಖಾನಾಪುರ ಸೀಮೆಯ ಕುಂಬಾರರ ಮನೆಯಲ್ಲಿ, ನನ್ನನ್ನು ಕೊಟ್ಟದ್ದು ಅದೇ ಸೀಮೆಯ ಗುಂಜಿಗೆ, ಹೊಟ್ಟೆಪಾಡಿಗೆ ಮಾಡಿದ್ದು ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರದ ಪಾಠ. ಶ್ರಮವಿಭಜನೆಯ ಅಧ್ಯಾಯ ಬರುತ್ತಿದ್ದದ್ದು ಸರಿಯಾಗಿ ಮಳೆ ಹಿಡಿಯುವ ದಿನಗಳಲ್ಲಿ, ಅಂದರೆ ಖಾನಾಪುರದ ಕುಂಬಾರರೆಲ್ಲ ಕೈಕಟ್ಟಿ ಕೂರುವ ದಿನಗಳಲ್ಲಿ. ಪುಸ್ತಕ ಗುಂಡುಸೂಜಿಯ ಕಥೆ ಹೇಳುತ್ತಿತ್ತು. ನನ್ನ ತಲೆಯೊಳಗೆ ಓಡುತ್ತಿದ್ದದ್ದು ಗಡಿಗೆ.

ಗುಂಡುಸೂಜಿಯ ಕಥೆ ಬಹಳ ಮಂದಿಗೆ ಗೊತ್ತಿರುವಂಥದ್ದೇ. 1776ರಲ್ಲಿ ಆಡಂ ಸ್ಮಿತ್ ಬರೆದ ಪ್ರಕಾರ ಸೂಜಿ ಮಾಡುವ ಕೆಲಸದಲ್ಲಿ ಸುಮಾರು 18 ಹಂತಗಳು. ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ನೆಟ್ಟಗೆ ಮಾಡುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಇನ್ನೊಬ್ಬ ಮೊನೆ ಮಾಡುತ್ತಾನೆ. ಹೀಗೆ ಹಂಚಿಕೊಂಡು ದುಡಿದರೆ 10 ಜನ ಸೇರಿ ದಿನಕ್ಕೆ 48,000 ಸೂಜಿ. ಕಸುಬು ಕಲಿಯದವನೊಬ್ಬನೇ ಕೂತು ಮಾಡಿದರೆ 20 ಕೂಡ ಕಷ್ಟ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಐದು ಅಂಕ ಗಿಟ್ಟಿಸುತ್ತಿದ್ದರು. ನನಗೆ ಮಾತ್ರ ಅಷ್ಟಕ್ಕೆ ಸಮಾಧಾನ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಕೆಲಸ ಹಂಚಿಹೋಗಿತ್ತಲ್ಲ! ಅಪ್ಪ, ಅಜ್ಜ, ಅವ್ವ, ಚಿಗವ್ವ, ನಾವು ಹುಡುಗರು, ಒಬ್ಬರ ಕೆಲಸ ಇನ್ನೊಬ್ಬರು ಮಾಡುತ್ತಿರಲಿಲ್ಲ. ಹಾಗಿದ್ದೂ ನಮ್ಮ ಮನೆಯ ಗಡಿಗೆ ಸೂಜಿಯ ಹಾಗೆ ಸಾವಿರ ಸಾವಿರ ಆಗಲಿಲ್ಲ ಏಕೆ?

ಮೊದಲು ಕೆಲಸ ಹೇಳುತ್ತೇನೆ. ಗದ್ದೆಯಿಂದಲೋ ಕೆರೆಯ ತಳದಿಂದಲೋ ಮಣ್ಣು ತಂದು ಅಂಗಳದಲ್ಲಿ ಒಣಹಾಕಬೇಕು. ಹೆಂಟೆ ಒಡೆದು ಪುಡಿ ಮಾಡಬೇಕು, ಜರಡಿ ಹಿಡಿಯಬೇಕು, ಗುಂಡಿಯಲ್ಲಿ ನೆನೆಹಾಕಬೇಕು. ಆಮೇಲೆ ಕುದುರೆ ಲದ್ದಿ. ಒಣಗಿಸಿ ತಿಕ್ಕಿ ಸೋಸಿದ ಲದ್ದಿಯನ್ನು ಮಣ್ಣಿಗೆ ಕಲಸಿದರೆ ಒಣಗುವಾಗ ಬಿರುಕು ಕಡಿಮೆ. ಬೆಂಕಿಯಲ್ಲಿ ಅದು ಸುಟ್ಟುಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ, ಹರವಿಯ ನೀರು ತಣ್ಣಗಾಗುವುದೂ ಅದರಿಂದಲೇ. ಖಾನಾಪುರ ಸ್ಟೇಷನ್ ಮುಂದೆ ಟಾಂಗಾ ನಿಲ್ಲುತ್ತಿದ್ದ ಕಾಲಕ್ಕೆ ಲದ್ದಿ ಬಳಿದು ತರುವುದು ನಮ್ಮ ಪಾಲಿನ ಕೆಲಸ. ಆಮೇಲೆ ತುಳಿಯುವುದು. ಹಿಮ್ಮಡಿಯಿಂದ ಒತ್ತುತ್ತ, ಸುತ್ತುತ್ತ, ಬೆರಳ ಸಂದಿಗೆ ಸಿಕ್ಕ ಕಲ್ಲು ಎತ್ತಿ ಎಸೆಯುತ್ತ ತುಳಿಯಬೇಕು. ಒಂದು ಹರಳು ಉಳಿದರೂ ತಿಗರಿಯ ಮೇಲೆ ಗೋಡೆ ಹರಿಯುತ್ತದೆ, ಅಲ್ಲಿ ತಪ್ಪಿಸಿಕೊಂಡರೆ ಆವಿಗೆಯಲ್ಲಿ ಸೀಳುತ್ತದೆ. ಇದೆಲ್ಲ ಅವ್ವ ಮತ್ತು ಚಿಗವ್ವನ ಕೆಲಸ.

ಆಮೇಲೆ ತಿಗರಿ. ಅದು ಅಪ್ಪನದು. ಒಂದು ಗಡಿಗೆಗೆ ಹಿಡಿಯುವುದು ಬರೀ ನಿಮಿಷಗಳು. ಆದರೆ ತಿಗರಿಯಿಂದ ಇಳಿದದ್ದು ಗಡಿಗೆ ಅಲ್ಲ. ಅದಕ್ಕೆ ಬಾಯಿ ಇರುತ್ತದೆ, ಕಂಠ ಇರುತ್ತದೆ, ತಳವೇ ಇರುವುದಿಲ್ಲ. ದಪ್ಪ ಗೋಡೆಯ, ಬುಡ ಬಿಟ್ಟ ಒಂದು ಕೊಳವೆ ಅಷ್ಟೆ. ಅದು ಅರೆ ಒಣಗಿದ ಮೇಲೆ ಅಜ್ಜನ ಕೈಗೆ ಬರುತ್ತಿತ್ತು. ಎಡಗೈಯಲ್ಲಿ ಒಳಗಿನಿಂದ ಗುಂಡುಕಲ್ಲು, ಬಲಗೈಯಲ್ಲಿ ಹೊರಗಿನಿಂದ ಮರದ ಹಲಗೆ. ಕಲ್ಲಿಗೆ ಮಣ್ಣು ಅಂಟದಂತೆ ಬೂದಿ ಅದ್ದಿಕೊಳ್ಳುತ್ತ, ತೊಡೆಯ ಮೇಲೆ ಗಡಿಗೆ ತಿರುಗಿಸುತ್ತ, ತಟ್ಟಿ ತಟ್ಟಿ ಗೋಡೆ ತೆಳ್ಳಗೆ ಮಾಡಿ, ಹೊಟ್ಟೆ ಉಬ್ಬಿಸಿ, ಕೊನೆಗೆ ತಳ ಮುಚ್ಚುತ್ತಿದ್ದ. ಹಸಿ ಇದ್ದಾಗ ತಟ್ಟಿದರೆ ಕುಸಿಯುತ್ತದೆ, ಒಣಗಿದ ಮೇಲೆ ತಟ್ಟಿದರೆ ಒಡೆಯುತ್ತದೆ. ಅಜ್ಜ ಗಡಿಗೆಯನ್ನು ನೋಡುತ್ತಿರಲಿಲ್ಲ, ಕಿವಿ ಕೊಡುತ್ತಿದ್ದ. ಪಟಪಟ ಸದ್ದು ಎಲ್ಲಿ ಗಟ್ಟಿಯಾಯಿತೋ ಅಲ್ಲಿಗೆ ಅವನ ಕೈ ನಿಲ್ಲುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೂ ಈ ಕೆಲಸ ಅವನ ಕೈಬಿಡಲಿಲ್ಲ.

ಆಮೇಲೆ ಮತ್ತೆ ಹೆಂಗಸರ ಸರದಿ. ನೆರಳಲ್ಲಿ ಒಣಗಿಸುವುದು, ಕೆಮ್ಮಣ್ಣು ಬಳಿಯುವುದು, ನುಣ್ಣನೆ ಕಲ್ಲಿನಿಂದ ಉಜ್ಜಿ ಹೊಳಪು ಕೊಡುವುದು, ಕುಳ್ಳು ತಟ್ಟುವುದು, ಕಟ್ಟಿಗೆ ಹೊರುವುದು. ಆವಿಗೆ ಪೇರಿಸಲು ಎಲ್ಲರೂ ಬೇಕು. ಕುಳ್ಳು, ಕಟ್ಟಿಗೆ, ಗಡಿಗೆ, ಭತ್ತದ ಹುಲ್ಲು, ಮೇಲೆ ಬೋಕಿ ಮತ್ತು ಕೆಸರಿನ ಹೊದಿಕೆ. ಸಂಜೆ ಬೆಂಕಿ ಇಟ್ಟರೆ ರಾತ್ರಿಯೆಲ್ಲ ಉರಿದು, ಆರುವ ತನಕ ಕಾಯಬೇಕು. ಆತುರಪಟ್ಟು ಕೆದಕಿದರೆ ಗಾಳಿ ಬಡಿದು ಟಿಣ್ ಅಂತ ಸೀಳುತ್ತದೆ. ಆಮೇಲೆ ಬುಟ್ಟಿಗೆ ತುಂಬಿ, ಸಿಂಬಿ ಇಟ್ಟು, ತಲೆಯ ಮೇಲೆ ಹೊತ್ತು ಸಂತೆಗೆ. ಅದೂ ಅವ್ವನೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ವರುಷದಲ್ಲಿ ಕುಂಬಾರ ತಿಗರಿಯ ಮುಂದೆ ಕೂತ ಹೊತ್ತನ್ನು ಒಟ್ಟು ಮಾಡಿದರೆ ಅದು ಎಷ್ಟು ಚಿಕ್ಕ ತುಣುಕು ಎಂದು ಗಾದೆ ಕಟ್ಟಿದವರಿಗೆ ಗೊತ್ತಿತ್ತೋ ಏನೋ.

ಈಗ ನಮ್ಮ ಗಡಿಗೆ ಸಾವಿರ ಸಾವಿರ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಬರೋಣ. ಸ್ಮಿತ್‌ನೇ ಉತ್ತರದ ಅರ್ಧ ಹೇಳಿಟ್ಟಿದ್ದಾನೆ, ಮಕ್ಕಳು ಓದದೆ ಬಿಡುವ ಮೂರನೆಯ ಅಧ್ಯಾಯದಲ್ಲಿ. ಮಾರುಕಟ್ಟೆ ಎಷ್ಟು ದೊಡ್ಡದೋ ಶ್ರಮವಿಭಜನೆಯೂ ಅಷ್ಟೇ ದೂರ ಹೋಗಬಲ್ಲದು ಎನ್ನುವುದು ಅವನ ಮಾತು. ಸ್ಕಾಟ್ಲೆಂಡಿನ ಗುಡ್ಡಗಾಡಿನ ಮೊಳೆ ಮಾಡುವವನ ಉದಾಹರಣೆ ಕೊಡುತ್ತಾನೆ. ದಿನಕ್ಕೆ 1,000 ಮೊಳೆ ಬಡಿಯುವ ಕೈ ಇದ್ದರೂ ಆ ಸೀಮೆಯಲ್ಲಿ ವರ್ಷವಿಡೀ ಅಷ್ಟು ಮೊಳೆ ಖರ್ಚಾಗುವುದಿಲ್ಲ. ಹಾಗಾಗಿ ಅಲ್ಲಿ ಬರೀ ಮೊಳೆಯವನು ಬದುಕಲಾರ. ಗುಂಜಿಯ ಸುತ್ತಿನ ಕಾಡಂಚಿನ ಹಳ್ಳಿಗಳು ಅದಕ್ಕಿಂತ ಬೇರೆಯಲ್ಲ. ಮನೆಗಳು ದೂರ ದೂರ. ಒಂದು ಮನೆಗೆ ವರ್ಷಕ್ಕೆ ಬೇಕಾದದ್ದು ಕೆಲವು ಗಡಿಗೆ, ಒಂದು ಹರವಿ, ದೀಪಾವಳಿಗೆ ಪಣತಿ, ಮದುವೆ ಬಂದರೆ ಐರಾಣಿ ಗಡಿಗೆ.

ಅದಕ್ಕೆ ಬೆಲೆಯೂ ಇರಲಿಲ್ಲ, ಆಯ ಇತ್ತು. ಸುಗ್ಗಿಯ ಕಣದಲ್ಲಿ ರಾಶಿ ಆದ ಮೇಲೆ ಬಡಿಗ, ಕಮ್ಮಾರ, ಅಗಸ, ನಾವಿಗ, ಕುಂಬಾರ ಎಲ್ಲರಿಗೂ ಭತ್ತದಲ್ಲಿ ಪಾಲು. ಮರಾಠಿ ಮನೆಗಳಲ್ಲಿ ಇದನ್ನೇ ಬಲುತೆ ಎನ್ನುತ್ತಿದ್ದರು. ಗುಂಜಿ ಕಡೆಯ ಕಣಗಳಲ್ಲಿ ನಮ್ಮ ಅಜ್ಜನಿಗೂ ಪಾಲಿತ್ತು. ಗಡಿಗೆ ಹತ್ತು ಕೊಟ್ಟರೂ ಅಷ್ಟೇ ಭತ್ತ, ಹನ್ನೆರಡು ಕೊಟ್ಟರೂ ಅಷ್ಟೇ. ಹೆಚ್ಚು ಮಾಡಿದರೆ ಹೆಚ್ಚು ಸಿಗದ ಕಡೆ ಯಾರು ಹೆಚ್ಚು ಮಾಡುತ್ತಾರೆ?

ಈ ವ್ಯವಸ್ಥೆ ಬಹಳ ದೂರದವರ ಕಣ್ಣಿಗೂ ಬಿದ್ದಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಹಳ್ಳಿಯ ಹನ್ನೆರಡು ಆಯಗಾರರನ್ನು ಒಬ್ಬೊಬ್ಬರಾಗಿ ಎಣಿಸಿದ್ದಾನೆ. ಗೌಡ, ಶಾನಭೋಗ, ತಳವಾರರ ಜೊತೆಗೆ ಕುಂಬಾರನೂ ಅಲ್ಲಿದ್ದಾನೆ. 1867ರಲ್ಲಿ ಕಾರ್ಲ್ ಮಾರ್ಕ್ಸ್ ‘ಬಂಡವಾಳ’ ಬರೆಯುವಾಗ ಶ್ರಮವಿಭಜನೆಯ ಅಧ್ಯಾಯದಲ್ಲಿ ಭಾರತದ ಹಳ್ಳಿಯನ್ನು ವರ್ಣಿಸಿದ್ದು ಇದೇ ವಿಲ್ಕ್ಸ್‌ನ ಆಧಾರದ ಮೇಲೆ. ಹೀಗೆ ಕನ್ನಡ ಸೀಮೆಯ ಕುಂಬಾರ ಲಂಡನ್ನಿನಲ್ಲಿ ಕೂತು ಬರೆದ ಪುಸ್ತಕದೊಳಗೆ ಹೋಗಿ ಸೇರಿದ. ಅವನ ಹೆಂಡತಿ ಸೇರಲಿಲ್ಲ. ಊರಿನೊಳಗೆ ಕಸುಬುಗಳು ಹಂಚಿಹೋಗಿವೆ, ಆದರೆ ಒಂದು ಕಸುಬಿನ ಒಳಗೆ ಕೆಲಸ ಹಂಚಿಹೋಗಿಲ್ಲ, ಗಿರಾಕಿ ಗೊತ್ತಾದಷ್ಟೇ ಇರುವುದರಿಂದ ಬದಲಾವಣೆಗೆ ಒತ್ತಡವಿಲ್ಲ ಎಂಬುದು ಮಾರ್ಕ್ಸ್‌ನ ವಾದ. ಮೊದಲ ಮಾತೂ ಕೊನೆಯ ಮಾತೂ ಸರಿ. ನಡುವಿನದನ್ನು ನಮ್ಮ ಅಂಗಳದಲ್ಲಿ ಒಂದು ದಿನ ನಿಂತಿದ್ದರೆ ಅವನು ಬರೆಯುತ್ತಿರಲಿಲ್ಲ.

ಆಯದ ಪದ್ಧತಿಯನ್ನು ಊರಿನ ಹೊಂದಾಣಿಕೆ ಎಂದು ಹೊಗಳುವವರು ಈಗಲೂ ಸಿಗುತ್ತಾರೆ. ಅವರು ಅಂಬೇಡ್ಕರರ 1936ರ ‘ಜಾತಿ ವಿನಾಶ’ ಓದಬೇಕು. ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಗೋಡೆಯೊಳಗೆ ಹಾಕಿ ಮೇಲೆ ಕೆಳಗೆ ಜೋಡಿಸುತ್ತದೆ ಎಂದು ಅವರು ತೋರಿಸಿದರು. ನಮ್ಮ ಮನೆಯೊಳಗೂ ಅಂಥದೊಂದು ಗೋಡೆ ಇತ್ತು. ಹೆಂಗಸರು ತಿಗರಿ ಮುಟ್ಟುವಂತಿರಲಿಲ್ಲ. ಮಣ್ಣು ತುಳಿಯುವ ಕಾಲು ಮಡಿ, ತಿಗರಿ ತಿರುಗಿಸುವ ಕೈ ಮೈಲಿಗೆ. ಕಾರಣ ಕೇಳಿದರೆ ಶಾಸ್ತ್ರ ಎನ್ನುತ್ತಿದ್ದರು. ಸ್ಮಿತ್ ಹೇಳುವ ಹಂಚಿಕೆಯಲ್ಲಿ ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅವರು ಅದಕ್ಕೆ ಪಳಗುತ್ತಾರೆ. ನಮ್ಮಲ್ಲಿ ಹುಟ್ಟಿದ ಕೂಡಲೇ ಯಾರು ಎಲ್ಲಿ ಕೂರಬೇಕು ಎಂಬುದು ಮುಗಿದುಹೋಗಿರುತ್ತಿತ್ತು. ನನ್ನ ತಮ್ಮನಿಗೆ ತಿಗರಿ ಕೊನೆಯವರೆಗೂ ಕೈಹತ್ತಲಿಲ್ಲ. ನನಗೆ ಹತ್ತುತ್ತಿತ್ತೋ ಇಲ್ಲವೋ, ಯಾರೂ ಪರೀಕ್ಷೆ ಮಾಡಲಿಲ್ಲ.

ಮಾರುಕಟ್ಟೆ ದೊಡ್ಡದಾಗಲು ದಾರಿ ಬೇಕು. ಇಂಗ್ಲೆಂಡಿನ ಕುಂಬಾರ ಜೊಸಾಯ ವೆಜ್‌ವುಡ್ ಇದನ್ನು ಸ್ಮಿತ್‌ಗಿಂತ ಮೊದಲೇ ಅರಿತಿದ್ದ. ಮಣ್ಣಿನ ಸಾಮಾನು ಗಾಡಿಯಲ್ಲಿ ಹೋದರೆ ಒಡೆಯುತ್ತದೆ, ನೀರಿನ ಮೇಲೆ ಹೋದರೆ ಉಳಿಯುತ್ತದೆ. ಅವನು ಮುಂದೆ ನಿಂತು ಟ್ರೆಂಟ್ ಮತ್ತು ಮರ್ಸಿ ಕಾಲುವೆ ತೋಡಿಸಿದ, ಅದರ ದಂಡೆಯಲ್ಲೇ 1769ರಲ್ಲಿ ಎಟ್ರೂರಿಯ ಎಂಬ ಕಾರ್ಖಾನೆ ತೆರೆದ. 1790ರ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದ 278 ಜನರಲ್ಲಿ ಇಂಥದೇ ಕೆಲಸ ಎಂದು ಗೊತ್ತಾಗಿರದವರು ಐದೇ ಮಂದಿ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರವನ್ನು ಹಾಯ್ದೇ ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಉಕ್ಕುವ, ಬೇಸಿಗೆಯಲ್ಲಿ ಕಲ್ಲು ತೋರಿಸುವ ಹೊಳೆಯ ಮೇಲೆ ದೋಣಿ ತುಂಬ ಗಡಿಗೆ ಕಳಿಸುವುದು ಎಲ್ಲಿಗೆ? ಅವ್ವನ ತಲೆಯೇ ನಮ್ಮ ಕಾಲುವೆ. ಅವಳು ಒಂದು ದಿನದಲ್ಲಿ ನಡೆದು ಹೋಗಿ ಬರುವಷ್ಟು ದೂರವೇ ನಮ್ಮ ಮಾರುಕಟ್ಟೆ.

1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬೆಳಗಾವಿಯಿಂದ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ ದಾಟಿ ಲೋಂಡಾಕ್ಕೆ ಮುಟ್ಟಿತು. ಲೋಂಡಾದಿಂದ ಘಟ್ಟ ಇಳಿದರೆ ಗೋವೆ. ರೈಲು ಬಂದ ಮೇಲೆ ಗಡಿಗೆಯ ವ್ಯಾಪಾರ ಬೆಳೆದಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಬೆಳೆಯಿತು, ಅಷ್ಟಿಷ್ಟು. ನನ್ನ ಕಾಲದಲ್ಲೂ ಅವ್ವ ಪ್ಯಾಸೆಂಜರ್ ಗಾಡಿಯಲ್ಲಿ ಬಾಗಿಲ ಹತ್ತಿರ ಬುಟ್ಟಿ ಇಟ್ಟುಕೊಂಡು ಗುಂಜಿಗೂ ಲೋಂಡಾಕ್ಕೂ ಬರುತ್ತಿದ್ದಳು, ಗುಂಜಿಯ ಮಾವುಲಿ ದೇವಿಯ ಜಾತ್ರೆಗಂತೂ ತಪ್ಪದೆ. ಮನೆಯಲ್ಲಿ ಕನ್ನಡ, ಖಾನಾಪುರ ಸಂತೆಯಲ್ಲಿ ಮರಾಠಿ, ಲೋಂಡಾದಲ್ಲಿ ಅರೆಬರೆ ಕೊಂಕಣಿ. ಆದರೆ ಬುಟ್ಟಿ ಒಂದೇ, ತಲೆ ಒಂದೇ. ಗಾಡಿ ಎಷ್ಟೇ ದೊಡ್ಡದಿದ್ದರೂ ಸ್ಟೇಷನ್ನಿನಿಂದ ಆಚೆ ಅದೇ ಸಿಂಬಿ.

ರೈಲು ನಿಜವಾಗಿ ಬದಲಾಯಿಸಿದ್ದು ಹಂಚನ್ನು. ಈ ಸೀಮೆಯ ಮಳೆಗೆ ಮಾಡು ಗಟ್ಟಿ ಇರಬೇಕು. ಹಿಂದೆ ನಾಡಹಂಚು ಕೂಡ ಕುಂಬಾರನ ತಿಗರಿಯ ಮೇಲೇ ಆಗುತ್ತಿತ್ತು. ಉದ್ದನೆ ಕೊಳವೆ ಎತ್ತಿ, ಅರೆ ಒಣಗಿದಾಗ ಉದ್ದಕ್ಕೆ ಸೀಳಿದರೆ ಎರಡು ಹಂಚು. ಒಂದರ ಮೇಲೊಂದು ಸಡಿಲವಾಗಿ ಹೊದಿಸುವ ಹಂಚು ಅದು, ಮಂಗ ಜಿಗಿದರೂ ಸರಿಯುತ್ತದೆ. ಪ್ರತಿ ಬೇಸಿಗೆ ಮಾಡಿಗೆ ಹತ್ತಿ ಕೈಯಾಡಿಸಬೇಕು, ಒಡೆದದ್ದಕ್ಕೆ ಹೊಸದು ಇಡಬೇಕು. ಕುಂಬಾರನಿಗೆ ವರ್ಷದ ದೊಡ್ಡ ಬೇಡಿಕೆ ಬರುತ್ತಿದ್ದದ್ದು ಆಗಲೇ, ಮಿರಗದ ಮಳೆಗೆ ಮುಂಚೆ.

1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಯಂತ್ರದಲ್ಲಿ ಒತ್ತಿದ ಹಂಚು ಮಾಡಲು ಶುರು ಮಾಡಿದ. ಒಂದರೊಳಗೊಂದು ಕಚ್ಚಿಕೊಳ್ಳುವ, ಚಪ್ಪಟೆ, ಪೇರಿಸಿ ಸಾಗಿಸಲು ಬರುವ ಹಂಚು ಅದು. ಗಡಿಗೆಯ ಹೊಟ್ಟೆಯಲ್ಲಿ ತುಂಬುವುದು ಗಾಳಿ. ಹಂಚಿನಲ್ಲಿ ಗಾಳಿಗೆ ಜಾಗವೇ ಇಲ್ಲ. ವ್ಯಾಗನ್ನಿಗೆ ಹೇಳಿ ಮಾಡಿಸಿದ ಮಾಲು ಅದೇ. ವರ್ಷ ವರ್ಷ ಕೈಯಾಡಿಸುವ ಕಾಟವೂ ತಪ್ಪಿತು. ಮೊದಲು ಸಿರಿವಂತರ ಮನೆಗೆ, ಆಮೇಲೆ ಶಾಲೆಗೆ, ಚಾವಡಿಗೆ, ಕೊನೆಗೆ ಎಲ್ಲರ ಮನೆಗೂ ಅದು ಏರಿತು. ಖಾನಾಪುರದ ಮಣ್ಣು ಒಳ್ಳೆಯದೆಂದು ಗೊತ್ತಾದ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲೇ ಹಂಚಿನ ಕಾರ್ಖಾನೆಗಳೂ ಇಟ್ಟಿಗೆ ಭಟ್ಟಿಗಳೂ ಎದ್ದವು. ಅಜ್ಜನ ಮಾಡಿನ ಗಿರಾಕಿಯನ್ನು ಕಸಿದದ್ದು ದೂರದ ಮಂಗಳೂರು ಅಲ್ಲ, ಅದೇ ಗದ್ದೆಯ ಮಣ್ಣು.

ಕಾರ್ಖಾನೆಯೊಳಗೆ ಸ್ಮಿತ್‌ನ ಸೂಜಿ ಬಂದು ಕೂತಿತ್ತು. ಮಣ್ಣು ಅರೆಯುವ ಯಂತ್ರಕ್ಕೆ ಒಬ್ಬ, ಹೆಂಟೆ ಕತ್ತರಿಸಿ ಎಣ್ಣೆ ಸವರಲು ಒಬ್ಬ, ಒತ್ತುಯಂತ್ರದ ಚಕ್ರ ಎಳೆಯಲು ಇಬ್ಬರು, ಅಂಚು ಸವರಲು ಬೇರೆ ಹೆಂಗಸರು, ಹಲಗೆಯ ಮೇಲೆ ಒಣಗಿಸಲು ಹೊರುವವರು ಬೇರೆ, ಭಟ್ಟಿ ತುಂಬುವವರು ಬೇರೆ, ಉರಿ ನೋಡುವವನು ಬೇರೆ. ಕುಂಬಾರರೇ ಆಗಬೇಕೆಂದಿಲ್ಲ, ಯಾರಾದರೂ ನಡೆಯುತ್ತದೆ. ಅಜ್ಜ ಕಿವಿಯಲ್ಲಿ ಕಲಿತದ್ದಕ್ಕೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಒಂದೇ ಕೆಲಸ ಜೀವನವಿಡೀ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದು ಸ್ಮಿತ್ ಕೂಡ ತನ್ನ ಪುಸ್ತಕದ ಕೊನೆಯ ಭಾಗದಲ್ಲಿ ಎಚ್ಚರಿಸಿದ್ದ. ಕೈಕಸುಬು ಸತ್ತಿತು ಎಂದು ಮರುಗುವ ಲೇಖನಗಳು ಇಲ್ಲಿಗೆ ನಿಲ್ಲುತ್ತವೆ. ನಮ್ಮ ಚಿಗವ್ವ ಇಲ್ಲಿಗೆ ನಿಲ್ಲಲಿಲ್ಲ. ಅವಳು ಒಂದು ಬೇಸಿಗೆ ಯಾರನ್ನೂ ಕೇಳದೆ ಹಂಚಿನ ಕಾರ್ಖಾನೆಗೆ ಹಂಚು ಹೊರಲು ಹೋದಳು. ಮನೆಯಲ್ಲಿ ದೊಡ್ಡ ಗದ್ದಲ ಆಯಿತು. ಸ್ವಂತ ಆವಿಗೆ ಬಿಟ್ಟು ಮಂದಿಯ ಭಟ್ಟಿಗೆ ಮಣ್ಣು ಹೊರೋದಾ ಎಂದು ಅವ್ವ ಕೇಳಿದಾಗ ಅವಳು ಅಂದದ್ದು ನನಗೆ ಈಗಲೂ ನೆನಪಿದೆ: “ಅಲ್ಲಿ ಶನಿವಾರಕ್ಕ ಪಗಾರ ನನ್ನ ಕೈಯಾಗ ಬೀಳತೈತಿ, ಅಕ್ಕಾ. ಇಲ್ಲಿ ಏನ್ ಬೀಳತೈತಿ? ಮಳಿ.”

ಪಗಾರ ಕಡಿಮೆಯೇ. ಗಂಡಸರಿಗಿಂತ ಕಡಿಮೆ. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿತ್ತು. ಕೆಲಸವನ್ನು ತುಂಡು ಮಾಡಿದ ಕಾರ್ಖಾನೆ ತುಂಡಿಗೊಂದು ದರವನ್ನೂ ಇಟ್ಟಿತ್ತು. ಮನೆಯಲ್ಲಿ ತುಂಡುಗಳಿದ್ದವು, ದರ ಇರಲಿಲ್ಲ. ಗಡಿಗೆ ಮಾರಿದ ದುಡ್ಡು ಅವ್ವನ ಸೆರಗಿನ ಗಂಟಿನಿಂದ ನೇರ ಅಪ್ಪನ ಕಿಸೆಗೆ. ಶ್ರಮವಿಭಜನೆಯ ಬಗ್ಗೆ ನಾನು ತರಗತಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಚಿಗವ್ವನ ಆ ಒಂದು ಮಾತಿನಲ್ಲಿದೆ ಎಂದು ನನ್ನ ಅನಿಸಿಕೆ.

ಕೆಲಸ ಹಂಚಿಕೊಳ್ಳುವುದೇ ಬೇಡ, ಎಲ್ಲರೂ ಒಂದೇ ಕೆಲಸ ಮಾಡಿ ಎಂಬ ಪ್ರಯೋಗವೂ ನಮ್ಮ ಜಿಲ್ಲೆಯಲ್ಲೇ ನಡೆದಿದೆ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆಯಿತು. ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಬಿತ್ತು. ವಕೀಲ, ವೈದ್ಯ, ಜಮೀನ್ದಾರ ಎಲ್ಲರೂ ನೂಲಬೇಕು. ಸ್ಮಿತ್ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಆದರೆ ನಿಯಮದಲ್ಲೇ ಒಂದು ಕಿಂಡಿ ಇತ್ತು. ಸ್ವತಃ ನೂಲಲು ಆಗದವರು, ಮನಸ್ಸಿಲ್ಲದವರು, ಬೇರೆಯವರು ನೂತ ಅಷ್ಟೇ ನೂಲನ್ನು ತಂದು ಕೊಡಬಹುದು. ಮುಂಬಾಗಿಲಲ್ಲಿ ಹೊರಗೆ ಹಾಕಿದ ಶ್ರಮವಿಭಜನೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಮರುವರ್ಷವೇ ನಿಯಮ ಸಡಿಲವಾಯಿತು.

ಅದೇ ಗಾಂಧಿಮಾರ್ಗದ ಇನ್ನೊಂದು ಫಲ ಖಾನಾಪುರಕ್ಕೆ ಸಿಕ್ಕಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇಲ್ಲೇ. ಬೇರೆ ಬೇರೆ ರಾಜ್ಯಗಳ ಕುಂಬಾರರು ಇಲ್ಲಿ ಬಂದು ಕಲಿತು ಹೋಗಿದ್ದಾರೆ. ಬೇರಿಂಗ್ ಹಾಕಿದ ತಿಗರಿ, ಆಮೇಲೆ ಮೋಟಾರಿನ ತಿಗರಿ, ಮಣ್ಣು ಹದ ಮಾಡುವ ಪಗ್ ಮಿಲ್, ಸುಧಾರಿತ ಭಟ್ಟಿ, ಗಾಜಿನ ಮೆರುಗು, ಎಲ್ಲ ಬಂತು. ಆದರೆ ಯಾವುದು ಯಾವ ಕ್ರಮದಲ್ಲಿ ಮನೆ ಮುಟ್ಟಿತು ಎನ್ನುವುದರಲ್ಲಿ ಕಥೆ ಇದೆ. ನಮ್ಮ ಬಂಧುಗಳ ಮನೆಗಳಲ್ಲಿ ಮೊದಲು ಬಂದದ್ದು ತಿಗರಿ. ಅದು ಅಗ್ಗ, ಅದನ್ನು ಕೊಡುವಾಗ ಫೋಟೊ ಚೆನ್ನಾಗಿ ಬರುತ್ತದೆ, ಕುಂಬಾರ ಅಂದರೆ ತಿಗರಿ ಎಂದೇ ಎಲ್ಲರ ಕಣ್ಣಿಗೆ. ತಿಗರಿ ಚುರುಕಾಯಿತು. ಅಪ್ಪ ಮೊದಲಿನ ಅರ್ಧ ಹೊತ್ತಿನಲ್ಲಿ ಅಂಗಳ ತುಂಬಿಸಿ ಎದ್ದು ಚಹಾ ಕುಡಿಯಲು ಹೋಗುತ್ತಿದ್ದ.

ಅಂಗಳ ತುಂಬಿದರೆ ಗಡಿಗೆ ಆಗಲಿಲ್ಲವಲ್ಲ. ತಟ್ಟುವ ಅಜ್ಜನ ಕೈ ಅಷ್ಟೇ ವೇಗ. ನೆರಳಿನ ಜಾಗ ಅಷ್ಟೇ. ಆವಿಗೆ ಹಿಡಿಯುವುದು ಅಷ್ಟೇ. ಹೆಚ್ಚಾದದ್ದು ಒಂದೇ, ಮಣ್ಣಿನ ಹಸಿವು. ಅದನ್ನು ತುಳಿದು ಒದಗಿಸಬೇಕಾದವಳು ಅವ್ವ. ತಿಗರಿಗೆ ಮೋಟಾರು ಬಂದ ವರ್ಷ ಅವ್ವನ ಹಿಮ್ಮಡಿ ಒಡೆದು ರಕ್ತ ಬಂದದ್ದನ್ನು ನಾನು ನೋಡಿದ್ದೇನೆ. ಪಗ್ ಮಿಲ್ ನಮ್ಮ ಓಣಿಗೆ ಬಂದದ್ದು ಬಹಳ ತಡವಾಗಿ. ಅದೇ ಮೊದಲು ಬಂದಿದ್ದರೆ ಹಳೆಯ ತಿಗರಿಯಲ್ಲೇ ಮನೆಯ ಹುಟ್ಟುವಳಿ ಏರುತ್ತಿತ್ತು.

ಇಲ್ಲಿ ಲೆಕ್ಕದ ಮಾತು. ಉತ್ಪಾದಕತೆ ಎಂದರೆ ಆದ ಮಾಲನ್ನು ದುಡಿದವರ ಸಂಖ್ಯೆಯಿಂದ ಭಾಗಿಸುವುದು. ಮೇಲಿನ ಅಂಕಿ ಸುಲಭ, ಗಡಿಗೆ ಎಣಿಸಬಹುದು. ಕೆಳಗಿನದೇ ತೊಡಕು. ಜನಗಣತಿಯಲ್ಲಿ 1961ರಿಂದ ಗೃಹ ಕೈಗಾರಿಕೆ ಎಂಬ ವರ್ಗ ಇದೆ, 1981ರಿಂದ ಮುಖ್ಯ ದುಡಿಮೆಗಾರರು, ಅಲ್ಪಾವಧಿ ದುಡಿಮೆಗಾರರು ಎಂಬ ಭಾಗವೂ ಇದೆ. ಎಣಿಸುವವರು ಬಾಗಿಲಿಗೆ ಬಂದು ಏನು ಕೆಲಸ ಎಂದು ಕೇಳಿದರೆ ಅಪ್ಪ ಕುಂಬಾರಿಕೆ ಎನ್ನುತ್ತಿದ್ದ, ಅವ್ವ ಮನೆಗೆಲಸ ಎನ್ನುತ್ತಿದ್ದಳು. ಸುಳ್ಳು ಹೇಳಬೇಕೆಂದಲ್ಲ, ಅವಳು ನಂಬಿದ್ದೇ ಹಾಗೆ. ಇಡೀ ಮನೆಯ ದುಡಿಮೆಯನ್ನು ಒಬ್ಬನಿಂದ ಭಾಗಿಸಿದರೆ ಆ ಒಬ್ಬ ಬಹಳ ಚುರುಕಾಗಿ ಕಾಣುತ್ತಾನೆ. ತಿಗರಿ ಕೊಟ್ಟವರ ವರದಿಯಲ್ಲಿ ಪ್ರಗತಿಯೂ ಆಗಿರುತ್ತದೆ.

ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಕೊಡ ಬಂದ ಕಥೆ ಎಲ್ಲ ಊರಿನದೂ ಒಂದೇ, ಅದನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಈಗ ಉಳಿದಿರುವ ಮನೆಗಳು ಅಡುಗೆ ಗಡಿಗೆಗಿಂತ ಕುಂಡ, ಪಣತಿ, ಚಹಾದ ಕುಡಿಕೆ, ಗಣಪತಿಯ ಮೇಲೆ ಬದುಕುತ್ತವೆ. 2004ರಲ್ಲಿ ರೈಲ್ವೆ ಸ್ಟೇಷನ್‌ಗಳಲ್ಲಿ ಮಣ್ಣಿನ ಕುಡಿಕೆಯಲ್ಲೇ ಚಹಾ ಎಂದು ಆಗಿನ ರೈಲ್ವೆ ಮಂತ್ರಿ ಲಾಲೂ ಪ್ರಸಾದ್ ಹೇಳಿದಾಗ ನಮ್ಮವರೆಲ್ಲ ಹಿಗ್ಗಿದ್ದರು. ಕಾಗದದ ಕಪ್ಪು ಬೇಗನೆ ವಾಪಸು ಬಂತು. ಗುಂಜಿ ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿ ಎಷ್ಟು, ಇಳಿದು ಚಹಾ ಕುಡಿಯುವವರು ಎಷ್ಟು! ಸ್ಮಿತ್‌ನ ಮೊಳೆಯವನ ಕಷ್ಟ ಇನ್ನೂ ಮುಗಿದಿಲ್ಲ.

2018ರಲ್ಲಿ ಖಾದಿ ಆಯೋಗ ಕುಂಬಾರ ಸಬಲೀಕರಣ ಯೋಜನೆಯಲ್ಲಿ ಮತ್ತೆ ಮೋಟಾರಿನ ತಿಗರಿ ಹಂಚಲು ಶುರು ಮಾಡಿತು, ಈ ಸಲ ಮಣ್ಣು ಹದ ಮಾಡುವ ಯಂತ್ರವೂ ಜೊತೆಗಿತ್ತು. ತಮ್ಮನ ಸೊಸೆ ಈಗ ತಿಗರಿಗೆ ಕೂರುತ್ತಾಳೆ. ಮಡಿ ಮೈಲಿಗೆಯ ಮಾತು ಯಾರೂ ಎತ್ತಲಿಲ್ಲ, ಎತ್ತುವ ವಯಸ್ಸಿನವರು ಉಳಿದಿಲ್ಲ. ಅವಳು ಬಿ.ಕಾಂ. ಓದಿದವಳು. ಮನೆಗೆ ಬಂದವಳೇ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು: ಮಣ್ಣಿಗೆ ಇಷ್ಟು, ತಿಗರಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಭಟ್ಟಿಗೆ ಇಷ್ಟು. ಭಟ್ಟಿಗೇ ಎಲ್ಲಕ್ಕಿಂತ ಹೆಚ್ಚು ದರ, ಅಲ್ಲಿ ತಪ್ಪಿದರೆ ಹಿಂದಿನದೆಲ್ಲ ಹೋಯಿತು ಎನ್ನುವುದು ಅವಳ ವಾದ. ತಿಗರಿಯ ದರ ಮಣ್ಣಿನ ದರಕ್ಕಿಂತ ಕಡಿಮೆ ಇಟ್ಟದ್ದಕ್ಕೆ ತಮ್ಮ ಸ್ವಲ್ಪ ಸಿಡುಕಿದ, ಆಮೇಲೆ ಸುಮ್ಮನಾದ. ಸಂತೆಯಲ್ಲಿ ದಿನವಿಡೀ ಕೂತು ಮಾರುವವರ ಅಂಕಣ ಮಾತ್ರ ಇನ್ನೂ ತುಂಬಿಲ್ಲ. ಕೂತಷ್ಟು ಹೊತ್ತಿಗೆ ಕೂಲಿ ಬೇಕು ಎಂದು ಅತ್ತೆ, ಮಾರಿದಷ್ಟಕ್ಕೆ ಪಾಲು ಎಂದು ಸೊಸೆ. ಹೋದ ದೀಪಾವಳಿಗೆ ಪಣತಿ ತರಲು ಹೋದಾಗ ನನ್ನನ್ನು ಪಂಚಾಯ್ತಿಗೆ ಕೂರಿಸಿದರು. ಮಾಲು ಖರ್ಚಾಗದ ದಿನವೂ ಕೂತವಳ ದಿನ ಖರ್ಚಾಗಿದೆ ಎಂದು ನಾನು ಅತ್ತೆಯ ಪರ ಹೇಳಿದೆ. ಸೊಸೆ ನೋಟ್‌ಬುಕ್ ಮುಚ್ಚಿ, “ಹಂಗಾದ್ರ ಮಳಿಗಾಲದ ದಿನಾನೂ ಬರಕೋಬೇಕಾಗತೈತಿ, ಅಕ್ಕಾರ” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧ ಇರಲಿಲ್ಲ, ಅವರಿಬ್ಬರ ವಾದ ಮಾತ್ರ ಚಹಾ ಆರುವ ತನಕ ನಡೆಯಿತು.